ಕಾರಣ: ಗಾಳಿ ತಪ್ಪು

ಅಂಗಡಿಯ ಹೆಸರು ಠಾಕಣದಾಸ ಮೋಟೂಮಲ್,
ಚಿತ್ರ, ಕನ್ನಡಿ, ಚೌಕಟ್ಟು. ಮನಾಮಾ ಸೂಕಿನ ಒಳಗಲ್ಲಿ.
ಈಗಿಲ್ಲ. ಉಳಿದದ್ದು ಒಂಬತ್ತು ಲೆಕ್ಕದ ಪುಸ್ತಕ,
ಗೆದ್ದಲು ಓದಿ ಬಿಟ್ಟದ್ದು.

ನನ್ನ ಕೆಲಸ ಪುಟ ಮಗುಚುವುದು,
ಗಾಜಿನಡಿ ಇಟ್ಟು ಫೋಟೊ ತೆಗೆಯುವುದು, ಖಾನೆ ತುಂಬುವುದು.
ಮೇಜಿನಾಚೆ ಪರ್ಸೂಮಲ್ ಮಾಮ
ಭೂತಗನ್ನಡಿ ಹಿಡಿದು ಓದಿ ಹೇಳುತ್ತಾರೆ.
ಸ್ವರ ಬರೆಯದ ವ್ಯಾಪಾರಿ ಲಿಪಿ ಅದು.
ನಮ್ಮಲ್ಲಿ ಗ ಎಂದು, ಳ ಎಂದು ಬರೆದು ಸುಮ್ಮನಾದರೆ
ಗಾಳಿಯೋ ಗಿಳಿಯೋ ಗೂಳಿಯೋ ಗೋಳೋ,
ಓದುವವರ ಪುಣ್ಯ.

"ಕಾಡಿನಲ್ಲಿ ಜಿಂಕೆ, ಎಣ್ಣೆಬಣ್ಣ: ಎರಡು ವರ್ಷ ಗೋಡೆಯಲ್ಲೇ.
ಹಿಮದ ಬೆಟ್ಟ: ಮುತ್ತಿನ ದಲಾಲಿ ಒಯ್ದ, ಬೇಸಿಗೆಗೆ ಬಾಡಿಗೆ."
ಬಾಡಿಗೆಯೇ? ಎಂದೆ. ಬಾಡಿಗೆಯೇ, ಎಂದರು.
ಭಾದ್ರಪದದಲ್ಲಿ ವಾಪಸ್ ಬಂದಿದೆ ಹಿಮ,
ಮೂಲೆಯಲ್ಲಿ ಖರ್ಜೂರದ ಕೈಗುರುತು.

ಸಂವತ್ ೧೯೬೯, ಪುಟ ೪೧:
"ಸಮುದ್ರ. ಹಾಯಿಹಡಗು. ಹೊನ್ನಾವರದ ಸಾಗುವಾನಿ ಚೌಕಟ್ಟು.
ಅರವತ್ತು ರೂಪಾಯಿ. ನಾಖುದಾ ಗಾನಿಮ್, ಮುಹರ್ರಕ್.
ನಾಲ್ಕನೇ ದಿನ ವಾಪಸ್. ಕಾರಣ..."
ಮಾಮ ತಡೆದರು. ಭೂತಗನ್ನಡಿ ಹತ್ತಿರ ತಂದರು, ದೂರ ಒಯ್ದರು.
"ಗಾಳಿ ತಪ್ಪು."

ಹಾಯಿ ಉಬ್ಬಿದ್ದು ಮುಂದಕ್ಕೆ, ಬಾವುಟ ಹಾರುವುದು ಹಿಂದಕ್ಕೆ;
ಬರೆದವನು ಕಡಲನ್ನು ಕಿಟಕಿಯಿಂದ ಕಂಡವನಿರಬೇಕು.
ನಾಖುದಾನಿಗೆ ಮೂರು ರಾತ್ರಿ ನಿದ್ದೆಯಿಲ್ಲ:
ಅದರಲ್ಲಿ ಎಷ್ಟು ಜನವೋ,
ಯಾವ ಬಂಡೆಗೆ ಹೋಗಿ ಬಡಿಯುತ್ತಾರೋ.

ಮುಂದಿನ ಪುಸ್ತಕಗಳಲ್ಲಿ ಆ ಹಡಗು
ಬೆಲೆ ಇಳಿಸಿಕೊಳ್ಳುತ್ತ ಬರುತ್ತದೆ. ನಲವತ್ತು. ಇಪ್ಪತ್ತೆರಡು.
ಮುತ್ತಿನ ಪೇಟೆ ಬಿದ್ದ ವರ್ಷ ಏಳೂವರೆ.
ಆ ವರ್ಷ ಎಲ್ಲವೂ ವಾಪಸ್,
ಜಿಂಕೆ, ಆಳೆತ್ತರದ ಕನ್ನಡಿ, ಯಾವಳೋ ರಾಣಿಯ ಮುಖ.
ಕಾರಣ ಯಾರೂ ಬರೆದಿಲ್ಲ, ಯಾರೂ ಕೇಳಿಲ್ಲ.
ಕೊನೆಗೊಂದು ಸಾಲು: "ಚೌಕಟ್ಟು ಮಾತ್ರ ಮಾರಾಟ."
ಹಡಗು ಎಲ್ಲಿ ಇಳಿಯಿತೋ.

ನನ್ನ ಪರದೆಯಲ್ಲಿ ಅಳತೆಗೆ ಖಾನೆಯಿದೆ, ಬೆಲೆಗಿದೆ,
ಕೊಂಡವನ ಹೆಸರಿಗಿದೆ. ಕಾರಣಕ್ಕಿಲ್ಲ.
"ಇತರೆ" ಎಂಬಲ್ಲಿ ಹಾಕಿದೆ.
ಮೇಲಿನವರಿಂದ ಪ್ರಶ್ನೆ ಬಂತು: ಇದೇನು, ಗಾಳಿ?
ಅಳಿಸಲಿಲ್ಲ. ಉತ್ತರಿಸಲೂ ಇಲ್ಲ.

ಮಾಮ ಚಹಾಕ್ಕೆ ಎದ್ದರು. ಕಿಟಕಿಯಾಚೆ
ಕ್ರೇನಿನ ತುದಿಯಲ್ಲೊಂದು ಬಾವುಟ,
ಶಮಾಲ್ ಬೀಸುತ್ತಿತ್ತು,
ಸರಿಯಾಗಿಯೇ ಹಾರುತ್ತಿದೆಯೇ ಎಂದು
ಎರಡು ಸಲ ನೋಡಿದೆ.