ಮೂವತ್ತೇಳು ಗ್ರಾಂ

ಊರಿಗಾಂ ಸ್ಟೇಷನ್ನಿನ ಹಿಂದೆ ಒಂದು ತಗಡಿನ ಶೆಡ್ಡು,
ಶೆಡ್ಡಿನಲ್ಲಿ ಮೂಸೆ,
ಮೂಸೆಯಲ್ಲಿ ಉಪ್ಪು.
ಸಾರಿಗೆ ಹಾಕುವ ಉಪ್ಪೂ ಇದೆ ಅದರಲ್ಲಿ,
ಜೊತೆಗೆ ಪೊಟ್ಯಾಷಿನದು, ಸೀಸದ್ದು.
ನಾನೂರ ಐವತ್ತು ಡಿಗ್ರಿಗೆ ಮೂರೂ ಕರಗಿ
ಯಾವುದು ಯಾವುದೆಂದು ಹೇಳಲಾಗದ
ಒಂದೇ ನೀರು. ನೀರಿಲ್ಲದ ನೀರು.

ಅದಕ್ಕೆ ಕರೀ ಅದಿರಿನ ಪುಡಿ ಸುರಿಯುತ್ತೇನೆ, ಚಮಚ ಚಮಚ:
ಗಂಧಕವನ್ನು ಬಿಗಿಯಾಗಿ ತಬ್ಬಿದ ಸೀಸ.
ಬಾವಿ ನೀರಲ್ಲಿ ನೂರು ವರ್ಷ ನೆನೆಸಿದರೂ ಬಿಡದ ಜೋಡಿ
ಇಲ್ಲಿ ಸದ್ದಿಲ್ಲದೆ ಸಡಿಲಾಗುತ್ತದೆ.
ತಿಳಿ ಹಳದಿ ಇದ್ದದ್ದು
ಹುಣಸೆ ರಸದ ಬಣ್ಣಕ್ಕೆ ಬಂದು
ಆಮೇಲೆ ಇನ್ನೂ ಕಪ್ಪು.

ಸ್ವಿಚ್ಚು ಹಾಕಿದರೆ
ಸೀಸ ತಳಕ್ಕಿಳಿದು ಮಿರಿಮಿರಿ ಮಡುವು.
ಗಂಧಕ ಆ ಕಡೆಯ ಇದ್ದಿಲ ಕಡ್ಡಿಗೆ,
ಅಲ್ಲಿಂದ ಹೊಗೆಯಾಗಿ ಮುಚ್ಚಳಕ್ಕೆ;
ಮುಚ್ಚಳದ ಒಳಗೆಲ್ಲ ಅರಿಸಿನ.
ಪುಸ್ತಕ ಇಷ್ಟು ಹೇಳಿ ಸುಮ್ಮನಾಗುತ್ತದೆ.

ಇಪ್ಪತ್ತು ಆಂಪಿಯರ್, ಐದು ಗಂಟೆ.
ಲೆಕ್ಕದ ಪ್ರಕಾರ ಮುನ್ನೂರ ಎಂಬತ್ತಾರು ಗ್ರಾಂ.
ತಕ್ಕಡಿಯ ಪ್ರಕಾರ ಮುನ್ನೂರ ನಲವತ್ತೊಂಬತ್ತು.
"ಮಿಕ್ಕಿದ್ದು ಎಲ್ಲಮ್ಮ, ಅರುಳ್‌ಮೇರಿ?" ಅಂದರು ಚೌಡರೆಡ್ಡಿ.
ಕೇಳಿದ್ದು ನನ್ನನ್ನು. ನೋಡಿದ್ದು
ರಾತ್ರಿ ಪಾಳಿಯ ಜ್ಞಾನಸೇಕರನ ಟಿಫಿನ್ ಡಬ್ಬಿಯನ್ನು.

ಸೀಸ ಕಣ್ರೀ. ಮೂವತ್ತೇಳು ಗ್ರಾಂ ಸೀಸ,
ಒಂದು ಲೋಟ ಚಹಾದ ದುಡ್ಡು.

ಆ ನೋಟ ನನಗೆ ಗೊತ್ತು.
ನಮ್ಮಪ್ಪ ಇಪ್ಪತ್ತೆರಡು ವರ್ಷ
ಚಿನ್ನದ ಬಾಯಿಂದ ಮೇಲೆ ಬಂದಾಗಲೆಲ್ಲ
ಆ ನೋಟದ ಮುಂದೆ ಕೈಯೆತ್ತಿ ನಿಂತವನು.
ತಲೆಗೂದಲು ಕೆದಕುತ್ತಿದ್ದರು, ನಾಲಿಗೆ ಎತ್ತಿಸುತ್ತಿದ್ದರು,
ಅನ್ನದ ಡಬ್ಬಿ ಮಗುಚಿ ತಟ್ಟುತ್ತಿದ್ದರು.
ಮನೆಯಲ್ಲಿ ಊಟಕ್ಕೆ ಕೂತು
ಉಪ್ಪು ಬೇಕಾದರೂ ಅಪ್ಪ ಮೆಲ್ಲಗೆ ಕೇಳುತ್ತಿದ್ದ.

"ಉಪ್ಪು ತಿಂದವನು ನೀರು ಕುಡೀಲೇಬೇಕು," ಅಂದರು ರೆಡ್ಡಿ.
ಸರಿ.
ಉಪ್ಪೇ ತಿಂದರೆ?

ತೋರಿಸ್ತೀನಿ ಬನ್ನಿ ಅಂದೆ.
ಗಟ್ಟಿ ಗಾಜಿನ ಕೊಳವೆಯಲ್ಲಿ ಬರೀ ಸೀಸದ ಉಪ್ಪು ಕರಗಿಸಿ
ಸೀಸದ ಒಂದು ಗುಂಡು ಬಿಟ್ಟೆ.
ತಂತಿಯಿಲ್ಲ, ಯಾರೂ ಮುಟ್ಟಲಿಲ್ಲ.
ಗುಂಡಿನ ಸುತ್ತ, ಬೆಳಗಿನ ಜಾವ
ಸೈನೈಡ್ ದಿಬ್ಬದ ಬುಡದಿಂದ ಏಳುವ ಹಾಗೆ,
ಕಂದು ಮಂಜು ಎದ್ದಿತು.
ಅಷ್ಟು ಕಷ್ಟಪಟ್ಟು ಹೊರಗೆ ಎಳೆದ ಲೋಹ
ಹೇಳದೆ ಕೇಳದೆ ಉಪ್ಪಿನ ಮನೆಗೇ ವಾಪಸ್ಸು.
ಅಲ್ಲೇ ಎಲ್ಲೋ ಅಲೆಯುವ ಗಂಧಕ ಕೈಗೆ ಸಿಕ್ಕರೆ
ಮತ್ತೆ ಅದೇ ತಬ್ಬು, ಅದೇ ಕಪ್ಪು.

ಅಷ್ಟರಲ್ಲಿ ಕರೆಂಟು ಹೋಯಿತು.
ಶೆಡ್ಡೆಲ್ಲ ಕತ್ತಲು, ಒಲೆಯ ಬಾಯಿ ಮಾತ್ರ ಕೆಂಪು.
ಪಕ್ಕದ ಮೂಸೆಯ ತಂತಿಗೆ ನಾನು ಕಟ್ಟಿಟ್ಟ ಟಾರ್ಚ್ ಬಲ್ಬು
ಆರಲಿಲ್ಲ.
ಮಂಕಾಯಿತು, ಹಿಡಿದುಕೊಂಡಿತು,
ರೆಡ್ಡಿಯವರ ಕನ್ನಡಕದಲ್ಲಿ ಎರಡು ಚುಕ್ಕಿ.
ಬೇರೆ ಮಾಡಿದ್ದವು ಒಂದನ್ನೊಂದು ಹುಡುಕಿ ಹೊರಟಿದ್ದವು ಒಳಗೆ,
ನಮಗೆ ಕಾಣುತ್ತಿದ್ದದ್ದು ಆ ದಾರಿಯ ಬೆಳಕು.
ಒಂದು ನಿಮಿಷ ಇದ್ದಿರಬಹುದು.

"ಇದಕ್ಕೂ ಬಿಲ್ಲು ನಾನೇ ಕಟ್ಟಬೇಕಾ?" ಅಂದರು ಕತ್ತಲಲ್ಲಿ.
ನಕ್ಕರೋ ಇಲ್ಲವೋ ಕಾಣಲಿಲ್ಲ.

ಬೆಳಿಗ್ಗೆ ಆರಿದ ಉಪ್ಪನ್ನು ಸುತ್ತಿಗೆಯಿಂದ ಒಡೆದೆ.
ಬೂದಿ ಬಣ್ಣ; ಒಡೆದ ಮುಖದಲ್ಲಿ
ಸೂಜಿಮೊನೆಯಷ್ಟು ಸೂಜಿಮೊನೆಯಷ್ಟು ಮಿಂಚು.
ಪುಸ್ತಕದ ನಷ್ಟದ ಕಾಲಮ್ಮಿನಲ್ಲಿ ಬರೆದೆ:
ಮೂವತ್ತೇಳು. ಉಪ್ಪಿನಲ್ಲಿದೆ.
ರೆಡ್ಡಿ ಸಹಿ ಹಾಕಿದರು.

ಅವತ್ತಿನಿಂದ ಜ್ಞಾನಸೇಕರ
ಡಬ್ಬಿಯ ಮುಚ್ಚಳ ತೆಗೆದೇ ಮೇಜಿನ ಮೇಲಿಡುತ್ತಾನೆ.
ಅನ್ನಕ್ಕೆ ನೊಣ ಕೂರುತ್ತವೆ.
ಮುಚ್ಚಪ್ಪ ಅಂದರೆ
ಇರಲಿ ಬಿಡಕ್ಕ, ಅನ್ನುತ್ತಾನೆ.