ಹನ್ನೆರಡನೆಯ ಪಾಸು

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ನಮಗೆ ಬೇಕಿರುವುದು
ಹತ್ತಿರ ಹೋದರೂ ನುಣ್ಣಗೇ ಇರುವ ಬೆಟ್ಟ.
ತೀರಾ ನುಣ್ಣಗಾದರೆ ಅದು ಹಿಮವಲ್ಲ, ಗಾಜು.
ಹೋದ ವರ್ಷ ರೋಸೇರನ ಮುಂಗೈ
ಅದರ ಮೇಲೇ ಎರಡಾದದ್ದು.

ಲೂಯಿಸ್ಟನ್ನಿನ ಆಸ್ಪತ್ರೆ, ನೆಲಮಾಳಿಗೆಯ ಲಾಂಡ್ರಿ.
ಇಸ್ತ್ರಿಯಂತ್ರದ ಝಳದಲ್ಲಿ ದಿನವಿಡೀ
ಬಿಳಿ ಹಾಸು ಮಡಚುವವರು ನಾವು.
ಒಂದು ಶನಿವಾರ ರಜೆ ಸಿಕ್ಕರೆ
ಮತ್ತೆ ಬಿಳಿಯ ಮೇಲೇ ಬೀಳಲು ಹೊರಡುತ್ತೇವೆ.
ಯಾವ ಬೆಟ್ಟ ಅನ್ನುವ ಲೆಕ್ಕ ನನ್ನದು,
ಯಾಕೆಂದರೆ
ನನ್ನ ಅಕ್ಷರ ಬೇರೆಯವರಿಗೂ ಓದಲು ಬರುತ್ತದೆ.

ಸೋಪಿನ ಪುಡಿ ಡಬ್ಬದ ರಟ್ಟು ಹರಿದು
ಮೂರು ಗೆರೆ ಎಳೆದೆ.

ಬರ್ಚ್ ನಾಬ್. ನಲವತ್ತು ನಿಮಿಷದ ದಾರಿ.
ಲಿಫ್ಟು ಅಂದರೆ ಕುಂಡೆಗೆ ಸಿಕ್ಕಿಸಿಕೊಳ್ಳುವ ಕೊಕ್ಕೆ,
ಸಂತೆಗೆ ಹೊರಟ ಹಸುವಿನ ಹಾಗೆ
ಎಳೆಸಿಕೊಂಡು ಹೋಗಬೇಕು ಮೇಲಕ್ಕೆ.
ಗುಡಿಸಲಲ್ಲಿ ಬೀನ್ಸು, ತಟ್ಟೆಗೆ ನಾಲ್ಕು ಡಾಲರ್,
ಬಡಿಸುವವಳು ಎರಡನೇ ಸಲ ದುಡ್ಡು ಕೇಳುವುದಿಲ್ಲ.

ಸ್ಪಾರೋ ಹಿಲ್. ಎರಡು ಗಂಟೆ.
ರಾತ್ರಿಯೂ ದೀಪ. ಹಿಮ ಮಾತ್ರ ಆಕಾಶದ್ದಲ್ಲ,
ಫಿರಂಗಿ ಉಗುಳಿದ್ದು.
ಡೆಲ್ಫೀಸನ ಮಂಡಿಗೆ ಒಳ್ಳೆಯದು, ಮರ್ಯಾದೆಗಲ್ಲ.
ಹೆಂಗಸರ ಪಾಯಿಖಾನೆಗೆ ಚಿಲಕವಿಲ್ಲ,
ಇದು ಜೆನೀನ್ ಬರೆಸಿದ್ದು, ಎರಡು ಸಲ ಅಡಿಗೆರೆ.

ಆರ್ಸೆನೋ. ಮೂರೂವರೆ ಗಂಟೆ,
ಇನ್ನೊಂಚೂರು ಹೋದರೆ ಕೆನಡಾ.
ನಾಲ್ವರು ಕೂರುವ ಕುರ್ಚಿ, ಮೋಡದೊಳಕ್ಕೆ ಹೋಗಿ ಬರುತ್ತದಂತೆ.
ತಲೆಗೆ ತೊಂಬತ್ತೆಂಟು ಡಾಲರ್.
ಹನ್ನೆರಡು ಜನ ಇದ್ದರೆ ಎಪ್ಪತ್ತೊಂಬತ್ತು.

ನಾವು ಹನ್ನೊಂದು.

ಒಡೀಲ್ ಅಕ್ಟೋಬರಿನಲ್ಲಿ ಹೋದಳು,
ನಮ್ಮ ನೆತ್ತಿಯ ಮೇಲೇ, ಐದನೇ ಮಹಡಿಯಲ್ಲಿ.
ಮಾರನೇ ಬೆಳಿಗ್ಗೆ ಕೊಳವೆಯಿಂದ
ಎಂದಿನಂತೆ ಹಾಸುಗಳು ಧೊಪ್ಪೆಂದು ಬಿದ್ದವು.
ಯಾವುದು ಅವಳದೆಂದು ತಿಳಿಯುವ ದಾರಿಯಿರಲಿಲ್ಲ.
ಎಲ್ಲವನ್ನೂ ಮೂಲೆಗೆ ಮೂಲೆ ಕೂಡಿಸಿ ಮಡಚಿದೆವು.
ಆ ದಿನ ಒಂದೂ ಸೊಟ್ಟಗಾಗಲಿಲ್ಲ.

ರಟ್ಟಿನ ಹಿಂಬದಿಗೆ ಲೆಕ್ಕ ಹಾಕಿದೆ:
ಹನ್ನೊಂದು ಜನಕ್ಕೆ ಸಾವಿರದ ಎಪ್ಪತ್ತೆಂಟು,
ಹನ್ನೆರಡಕ್ಕೆ ಒಂಬೈನೂರ ನಲವತ್ತೆಂಟು.
ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು.
ಇಲ್ಲದವಳಿಗೂ ದುಡ್ಡು ಕಟ್ಟಿದರೆ
ಇದ್ದವರಿಗೆ ನೂರಾ ಮೂವತ್ತು ಉಳಿಯುತ್ತದೆ.
ರೋಸೇರ್ ನಕ್ಕ: ಹೋದಮೇಲೂ
ಕೂಪನ್ ಕತ್ತರಿಸಿಡುತ್ತಿದ್ದಾಳೆ ನೋಡಿ, ಮುದುಕಿ.

ಆದರೆ ಪಾಸಿನ ಮೇಲೆ ಹೆಸರು ಬೇಕಂತೆ, ಮುಖವೂ.

ವ್ಯಾನು ಓಡಿಸುವವನು ಗುಲೇದ್.
ಏಳು ಚಳಿಗಾಲ, ಏಳು ಬೆಟ್ಟದ ಬುಡ ನೋಡಿದ್ದಾನೆ,
ಏಲಕ್ಕಿ ಚಹಾದ ಫ್ಲಾಸ್ಕು, ರೇಡಿಯೋ, ಕಾಲಿಗೆ ಕಂಬಳಿ.
ಹೊರಡುವ ಮೊದಲು ನಮ್ಮ ತಲೆ ಎಣಿಸುತ್ತಾನೆ,
ತನ್ನ ಭಾಷೆಯಲ್ಲಿ, ತುಟಿ ಅಲ್ಲಾಡಿಸುತ್ತಾ.
ಇಳಿಯುವುದಕ್ಕೆಂದೇ ಹತ್ತುತ್ತೀರಲ್ಲ, ಅದೂ ದುಡ್ಡು ಕೊಟ್ಟು,
ಎಂದು ಒಮ್ಮೆ ಕೇಳಿದ್ದ. ಯಾರ ಬಳಿಯೂ ಉತ್ತರವಿರಲಿಲ್ಲ.
ಪಾಸು ಚಾಚಿದರೆ ತಿರುಗಿಸಿ ತಿರುಗಿಸಿ ನೋಡಿ ಅಂದ:
ಹತ್ತುವುದು ಆಗಲಿ. ಇಳಿಯುವುದು ನೀವೇ ನೋಡಿಕೊಳ್ಳಿ.

ಕಪ್ಪು ಬೂಟು, ಮಗಳ ಗುಲಾಬಿ ಟೋಪಿ,
ಕುರ್ಚಿಯ ಸರಳು ಎರಡೂ ಕೈಯಲ್ಲಿ ಹಿಡಿದು
ಮೋಡದೊಳಕ್ಕೆ ಹೋದ.
ಲಿಫ್ಟಿನ ಹುಡುಗನ ಬಳಿ ಏನು ಹೇಳಿಕೊಂಡನೋ,
ಅದೇ ಕುರ್ಚಿಯಲ್ಲಿ ತಿರುಗಿ ಬಂದ.
ಖಾಲಿ ಕುರ್ಚಿಗಳ ಸಾಲಿನಲ್ಲಿ ಒಂದೇ ಒಂದು ತುಂಬಿದ್ದು,
ಬೆಟ್ಟಕ್ಕೆ ಬೆನ್ನು ಮಾಡಿ, ನಿಧಾನ,
ಕಚೇರಿಯಿಂದ ಮನೆಗೆ ಬರುವವನಂತೆ.
ಅವನ ಕಾಲ ಕೆಳಗೆ ನಾವು
ಜಾರುತ್ತಿದ್ದೆವು, ಕಿರುಚುತ್ತಿದ್ದೆವು,
ಜೆನೀನ್ ಬೇಲಿಯೊಳಕ್ಕೇ ಹೋದಳು.

ಮೇಲಿನಿಂದ ಎಣಿಸಿದೆ, ಅಂದ ಆಮೇಲೆ.
ಹನ್ನೊಂದೇ ಇದ್ದಿರಿ.
ಹೌದು, ಅಂದೆ.
ಮತ್ತೆ ಎಣಿಸಿದೆ, ಅಂದ.

ವಾಪಸಿನ ದಾರಿಯಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ.
ರಟ್ಟು ಮಂಡಿಯ ಮೇಲಿಟ್ಟು
ಆರ್ಸೆನೋ ಹೆಸರಿನ ಕೆಳಗೆ ಮುಂದಿನ ವರ್ಷಕ್ಕೆ ಬರೆದೆ:
ಹಿಮ ಚೆನ್ನಾಗಿದೆ.
ಬೀನ್ಸು ಸಪ್ಪೆ. ಸಾಸಿವೆ ಕೇಳಿದರೆ ಒಂದು ಡಾಲರ್.