ಯಾವ ಕಿವಿ

ರಜೆ ಮುಗಿಯಲು ಇನ್ನು ಒಂಬತ್ತು ದಿನ.
ಡಿಪೋದ ಹಲಗೆಯ ಮೇಲೆ ನನ್ನ ಹೆಸರು ಆಗಲೇ ಹತ್ತಿದೆ:
ಮೊದಲ ಪಾಳಿ, ಆರೂ ಕಾಲು, ಸಿಟಿ ಬಸ್ಸು.
ಹೊನ್ನಿಗೆ ಒಂದೂಮುಕ್ಕಾಲು ವರ್ಷ.
ಅವಳಪ್ಪ ಮಂಡಕ್ಕಿ ಭಟ್ಟಿಯಿಂದ ಬರುವುದು ಏಳಕ್ಕೆ,
ಹುಬ್ಬಿಗೆ ಹೊಟ್ಟು ಮೆತ್ತಿಕೊಂಡು,
ಬಂದವನೇ ಕೊರಡಿನ ಹಾಗೆ ಬೀಳುತ್ತಾನೆ.
ಹುಡುಕಲು ಹೊರಟೆ, ಮಗುವನ್ನು ಸೊಂಟಕ್ಕೇರಿಸಿ,
ದಾವಣಗೆರೆಯ ಸ್ಟಾಪು ಸ್ಟಾಪೂ
ನಿದ್ದೆಯಲ್ಲೇ ಒದರಬಲ್ಲವಳು.

ವಿದ್ಯಾನಗರದ್ದು ಚೆಂದ. ಗೋಡೆ ತುಂಬ ಕರಡಿ, ಸೇಬು,
ಕಾಲೂರಿದರೆ ಮೆತ್ತಗೆ ತಗ್ಗುವ ನೆಲ.
"ಕ್ಯಾಮೆರಾ ಇದೆ ಮೇಡಂ, ಮೊಬೈಲಲ್ಲೇ ನೋಡ್ತಾ ಇರಬಹುದು."
ಒಂದು ಕೈಲಿ ಮಷೀನು, ಒಂದು ಕೈಲಿ ಚಿಲ್ಲರೆ,
ಬಾಯಲ್ಲಿ ಸೀಟಿ, ಯಾವ ಕಣ್ಣಲ್ಲಿ ನೋಡಲಿ?
ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು.
ಬೈಯುವುದೋ ಮುದ್ದಿಸುವುದೋ ಎಂದೆ. ನಗಲಿಲ್ಲ.
ಶುರುವಾಗುವುದು ಒಂಬತ್ತೂವರೆಗೆ.
ಫೀಸಿನ ಹಾಳೆ ಮಡಚಿ ಬ್ಯಾಗಿಗಿಟ್ಟೆ,
ಆಮೇಲೆ ಅದರಲ್ಲೇ ಅವಳ ಮೂಗು ಒರೆಸಿದೆ.

ಹದಡಿ ರಸ್ತೆಯಲ್ಲಿ ಮೊದಲ ಮಹಡಿ.
ಬೆಳಿಗ್ಗೆ ಹನ್ನೊಂದಕ್ಕೆ ಹನ್ನೆರಡು ಮಕ್ಕಳು,
ಹನ್ನೆರಡೂ ನಿದ್ದೆ.
ಸಂತೆಯ ಹೊತ್ತಲ್ಲಿ ಬೀದಿ ಸದ್ದು ಮಾಡದಿದ್ದರೆ ಹೇಗೆ,
ಹಾಗೆ ಹೆದರಿಕೆಯಾಯಿತು.
"ನಮ್ಮಲ್ಲಿ ತುಂಬ ಶಿಸ್ತು," ಎಂದಳಾಕೆ.
ಕಿಟಕಿಯಲ್ಲಿ ಕೆಮ್ಮಿನ ಔಷಧಿಯ ಬಾಟಲಿ, ಅರ್ಧ ಖಾಲಿ.
ಯಾವುದೋ ಮಗುವಿಗೆ ಕೆಮ್ಮಿತ್ತೇನೋ.
ಇದ್ದಿರಲೂಬಹುದು.
ಇಳಿವಾಗ ಮೆಟ್ಟಿಲು ಲೆಕ್ಕ ತಪ್ಪಿ ಎಡವಿದೆ.

ನಿಟುವಳ್ಳಿ ಅಂಗನವಾಡಿಯ ರುದ್ರಾಂಬಿಕಾ ಟೀಚರು
ಕೇಳದೆಯೇ ಹೊನ್ನಿಗೆ ಅರ್ಧ ಮೊಟ್ಟೆ ಕೊಟ್ಟರು,
ಹಳದಿಯನ್ನು ಪುಡಿಮಾಡಿ.
"ಮೂರು ತುಂಬಲಿ, ಕರ್ಕೊಂಡು ಬಾ. ಹತ್ತಕ್ಕೆ ಬಾಗಿಲು ತೆಗೀತೀನಿ."
ಹತ್ತಕ್ಕೆ ನಾನು ಮೂರು ಟ್ರಿಪ್ಪು ಮುಗಿಸಿರುತ್ತೇನೆ ಟೀಚರ್.

ಉಳಿದದ್ದು ಎರಡೇ ದಿನ.
ಮೆಣಸಿನಕಾಯಿ ಬಜ್ಜಿಯ ಗಾಡಿಯವಳು ಹೇಳಿದಳು:
ರೈಲ್ವೆ ಗೇಟಿನ ಹಿಂದಿನ ಓಣಿ, ನೀಲಿ ಬಾಗಿಲು, ತಿಪ್ಪಮ್ಮಜ್ಜಿ.
ಹತ್ತಿ ಮಿಲ್ಲು ನಡೆಯುತ್ತಿದ್ದಾಗ
ಅಲ್ಲಿನ ತೊಟ್ಟಿಲು ಕೋಣೆಯಲ್ಲಿ
ಪಾಳಿಗೆ ಬಂದ ತಾಯಂದಿರ ಕೂಸು ನೋಡಿಕೊಂಡಾಕೆ.
ಮಿಲ್ಲು ನಿಂತಿತು. ಸೈರನ್ನೂ ನಿಂತಿತು.
ಈಕೆ ಇವತ್ತಿಗೂ ಐದಕ್ಕೇ ಏಳುತ್ತಾಳೆ,
ಎದ್ದು ಮಾಡುವುದೇನು, ಓಣಿಯ ಮಕ್ಕಳನ್ನು ಕರೆದಳು.

ಗೋಡೆಗೆ ಕರಡಿಯಿಲ್ಲ. ಸುಣ್ಣ,
ಅದಕ್ಕೆ ಮಕ್ಕಳ ಎತ್ತರದವರೆಗೆ ಕೊಳೆ.
ಒಂದು ಅಳುತ್ತಿತ್ತು,
ಎರಡು ಒಂದೇ ಡಬ್ಬಿಗೆ ಕಿತ್ತಾಡುತ್ತಿದ್ದವು.
ಆ ಗದ್ದಲ ಕೇಳಿ ನನ್ನ ಉಸಿರು ಇಳಿಯಿತು.
ಟ್ರಿಪ್ ಶೀಟಿನ ಬೆನ್ನಿಗೆ
ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ.
ಅಜ್ಜಿಯೇ ಮೊದಲು ಕೇಳಿದಳು.

"ನೀರಿಗೆ ಏನಂತಾಳೆ?"
ಮಾ. ಅಮ್ಮನಿಗೂ ಅದೇ.
"ಯಾವುದಕ್ಕೆ ಹೆದರ್ತಾಳೆ?"
ಕುಕ್ಕರಿನ ಸೀಟಿಗೆ. ನನ್ನ ಸೀಟಿಗಿಲ್ಲ.
"ನಿದ್ದೆ ಬಂದ್ರೆ ಕಿವಿ ಹಿಡ್ಕೊಂತಾಳಾ?"
ಹೂಂ.
"ಯಾವ ಕಿವಿ?"

ಅರ್ಧ ಟಿಕೆಟ್ಟೋ ಪೂರಾನೋ ಎಂದು
ಬಾಗಿಲಲ್ಲೇ ಎಲ್ಲರ ಮಕ್ಕಳ ವಯಸ್ಸು ಹೇಳುವವಳು,
ಪಾಸಿನ ಫೋಟೋ ಹಳತೆಂದು ಗದರುವವಳು,
ಟಿಕೆಟ್ ಕಳೆದವಳ ಹಾಗೆ ನಿಂತೆ.
ಅಜ್ಜಿ ಬೈಯಲಿಲ್ಲ. "ನೋಡಿ ಹೇಳು, ಅವಸರವಿಲ್ಲ," ಅಂದಳು.
ಹೊನ್ನಿಯ ಒಂದು ಚಪ್ಪಲಿ ಆಗಲೇ ಬಿಚ್ಚಿದ್ದಳು.

ಆ ರಾತ್ರಿ ನಾನು ಮೊದಲು ಮಲಗಲಿಲ್ಲ.
ಕತ್ತಲಲ್ಲಿ ಸಣ್ಣ ಕೈ ಎದ್ದಿತು.
ಮೊದಲು ತನ್ನ ಬಲಗಿವಿ.
ಆಮೇಲೆ, ಕಣ್ಣು ಪೂರ್ತಿ ಮುಚ್ಚಿದ ಮೇಲೆ,
ತಡಕಿ ತಡಕಿ ನನ್ನ ಎಡಗಿವಿ.

ಸೋಮವಾರ, ಆರಕ್ಕೆ ಇನ್ನೂ ಹದಿನೈದು ನಿಮಿಷ.
ನೀಲಿ ಬಾಗಿಲಲ್ಲಿ ಬಲಗಿವಿ ಎಂದೆ, ಅಷ್ಟೇ.
ಎರಡನೆಯದನ್ನು ಹೇಳಲಿಲ್ಲ.
ಅವಳು ಅಳಲೂ ಇಲ್ಲ, ಡಬ್ಬಿಯ ಕಡೆ ನಡೆದಳು.

ಮೊದಲ ಟ್ರಿಪ್ಪು. ಹೂ ಮಾರುವವರಿಗೆ, ನರ್ಸುಗಳಿಗೆ
ಸೊನ್ನೆಯ ಚೀಟಿ ಹರಿದು ಕೊಡುತ್ತ ಬಂದೆ.
ಗೇಟು ಬಿತ್ತು.
ಬಸ್ಸಿಡೀ ಗೊಣಗಿತು, ದಿನಾ ನನ್ನದೇ ದನಿ ಜೋರು.
ಗೂಡ್ಸು. ಎಣಿಸಿದೆ: ನಲವತ್ತೊಂದು ಡಬ್ಬಿ.
ಇನ್ನೊಂದಷ್ಟು ಇರಬಾರದಿತ್ತೇ.
ಗೇಟು ಎದ್ದಾಗ ರೈಟ್, ರೈಟ್ ಎಂದು
ಹಿಂದಿನ ಸೀಟಿನ ಹುಡುಗ ಕೂಗಿದ,
ನಾನು ಮರೆತಿದ್ದೆ.